ಬೊಟ್ಟು

ಮೇಜಿನ ಮೇಲೆ ಅದು ಚೆನ್ನಾಗಿಯೇ ಇತ್ತು.
ಹನ್ನೊಂದು ಅಂಗುಲದ ಗಾಜು, ನಲವತ್ತೊಂದು ಗುಂಡಿ,
ಮುಟ್ಟಿದರೆ ನೀರಿನ ಹಾಗೆ ಸರಿಯುವ ಪುಟಗಳು.
ಹೊಸೂರಿನ ಸಿಪ್ಕಾಟಿನಲ್ಲಿ ಎರಡನೇ ಮಹಡಿ,
ತಣ್ಣನೆಯ ಕೋಣೆ, ಅಲುಗದ ಕುರ್ಚಿ.
ಅಲ್ಲಿ ಕೂತು ಯಾರೂ ತಪ್ಪು ಒತ್ತಿದ್ದಿಲ್ಲ.

ಗುಳ್ಳಮ್ಮನ ವ್ಯಾನಿಗೆ ಅದನ್ನು ಕೂರಿಸಿದ್ದು ಮಾರ್ಗಶಿರದಲ್ಲಿ.
ತಳಿ ಕಡೆಯಿಂದ ಗುಲಾಬಿ ಹೇರಿಕೊಂಡು
ಬೆಳಗಿನ ಮೂರೂಮುಕ್ಕಾಲಿಗೆ ಹೊರಡುವ ಹೆಂಗಸು.
ಹೂವಿನ ನೀರಲ್ಲಿ ನೆನೆದ ಬೆರಳು,
ಮುಳ್ಳು ತಿಂದು ತಿಂದು ದಡ್ಡುಗಟ್ಟಿದ ಹೆಬ್ಬೆರಳು.
ಪಕ್ಕದಲ್ಲಿ ನಾನು, ತೊಡೆಯ ಮೇಲೆ ನೋಟ್‌ಬುಕ್ಕು.

ಮದಗೊಂಡಪಲ್ಲಿ ದಾಟಿದ ಮೇಲೆ ಮಂಜು.
ನಮ್ಮ ಉಸಿರೇ ಎದುರುಗಾಜಿಗೆ ಅಂಟಿ
ದಾರಿ ಬೆಳ್ಳಗಾಯಿತು.
ಅದನ್ನು ತಿಳಿಗೊಳಿಸಲು ನಾನು ಹಾಕಿಟ್ಟ ದಾರಿ:
ಮೊದಲು ಮನೆ, ಆಮೇಲೆ ಹವೆ,
ಎಡಕ್ಕೆ ಸರಿಸಿ, ಮೂರನೆಯದು.
ಗುಳ್ಳಮ್ಮ ಕೈ ಚಾಚಿದಳು. ಹಳ್ಳ ಬಂತು.
ರೇಡಿಯೊ ಕೂಗಿತು.
ಮತ್ತೆ ಚಾಚಿದಳು. ಒದ್ದೆ ಬೆರಳನ್ನು
ಬೆರಳೆಂದೇ ಒಪ್ಪಲಿಲ್ಲ ಗಾಜು.
ಮೂರನೇ ಸಲ ಯಾರಿಗೋ ಫೋನು ಹೋಯಿತು.
ಎದುರಿಗೆ ಲಾರಿಯ ಎರಡು ದೀಪ
ಹಾಲಿನಲ್ಲಿ ತೇಲುವ ತುಪ್ಪದ ಹನಿಗಳ ಹಾಗೆ.

ಪಕ್ಕಕ್ಕೆ ಹಾಕಿ, ನಿಲ್ಲಿಸಿ,
ಸೆರಗಿನ ತುದಿಯಿಂದ ಒರೆಸಿದಳು.
"ಬೆರಳು ತೋರಿಸಿದ್ರೆ ಹಸ್ತ ನುಂಗ್ತದಲ್ಲ ಅಮ್ಮಣ್ಣಿ
ನಿನ್ನ ಪೆಟ್ಟಿಗೆ.
ಹಳೇ ಗಾಡೀಲಿ ಒಂದು ತಿರುಗಣಿ ಇತ್ತು.
ಕರೆಂಟು ಹೋದಾಗ ಉಪ್ಪಿನ ಡಬ್ಬ ಸಿಗಲ್ವಾ,
ಹಂಗೆ ಸಿಗ್ತಿತ್ತು ಕೈಗೆ.
ಕಣ್ಣು ರೋಡಿಗೆ ಕೊಟ್ಟಿದೀನಿ.
ಇದಕ್ಕೆ ಬೇರೆ ಎಲ್ಲಿಂದ ತರ್ಲಿ?"

ನಾನು ಬರೆದುಕೊಳ್ಳಲಿಲ್ಲ.

ಆಮೇಲೆ ಮೂರು ವಾರ ಅಳಿಸಿದ್ದೇ ಕೆಲಸ.
ಕೆಲವು ಗುಂಡಿಗಳು ಹಬ್ಬದ ನೆಂಟರ ಹಾಗೆ,
ಬಾಗಿಲ ತನಕ ಹೋಗಿ ಮತ್ತೆ ಬಂದು ಕೂರುವವು.
ಬಣ್ಣ ಬದಲಿಸುವ ದೀಪದ ಪುಟ ನನ್ನದೇ ಕೂಸು.
ಅದನ್ನು ಕೊನೆಗೆ ಅಳಿಸಿದೆ,
ಒಂದು ಮಧ್ಯಾಹ್ನ, ಊಟ ಬಿಟ್ಟು.
ಉಳಿದದ್ದು ಆರು, ಅಂಗೈಯಗಲದವು.
"ಇಷ್ಟೇನಾ?" ಅಂದ ಇಳಂಗೋವನ್,
"ಮೂರು ತಿಂಗಳು ಏನು ಮಾಡಿದೆ?"

ಅದನ್ನು ಕೂರಿಸಿ ಎಂಟು ದಿನಕ್ಕೆ ಮತ್ತೆ ವ್ಯಾನು ಹತ್ತಿದೆ.
ಗಾಜಿನ ಕೆಳಗಿನ ಬಲಮೂಲೆಯಲ್ಲಿ
ಒಂದು ಕೆಂಪು ಸ್ಟಿಕ್ಕರ್ ಕುಂಕುಮ.
ಬಚ್ಚಲ ಕನ್ನಡಿಗೆ ಅಂಟಿಸುವಂತೆ ಅಂಟಿಸಿದ್ದಳು,
ಸರಿಯಾಗಿ ಮಂಜಿನ ಗುಂಡಿಯ ಮೇಲೆ.
ಬೆರಳು ಅಂಚು ಹಿಡಿದು ಜಾರಿ, ಉಬ್ಬು ತಾಗಿ,
ನಿಂತು, ಒತ್ತಿತು.
ಅವಳು ಆ ಕಡೆ ತಿರುಗಲಿಲ್ಲ.
ಕಟ್ಟಿಗೆ ಎಷ್ಟು ಸಿಕ್ಕಿತು ಎಂಬ ಮಾತೂ
ನಡುವೆ ತುಂಡಾಗಲಿಲ್ಲ.

ಅಚ್ಚಿನವರಿಗೆ ಚೀಟಿ ಬರೆದೆ:
ಅಂಚಿನ ಈ ಜಾಗದಲ್ಲಿ ಅರ್ಧ ಮಿಲಿಮೀಟರ್ ಉಬ್ಬು.
ಕಾರಣ ಎಂಬಲ್ಲಿ ಒಂದೇ ಪದ. ಓದಿ ಹೇಳಿದೆ: ಬೊಟ್ಟು.
ಇಳಂಗೋವನ್ ತಮಿಳಿನಲ್ಲಿ ಕೇಳಿಸಿಕೊಂಡು
ಹಣೆ ಮುಟ್ಟಿ ನಕ್ಕ.
ನಮ್ಮಲ್ಲಿ ಅದು ಕೈಯಲ್ಲೂ ಇದೆ ಅನ್ನಲು ಬಾಯಿ ತೆಗೆದೆ.
ಶಿಫ್ಟಿನ ಸೈರನ್ ಕೂಗಿತು.