ಏಳನೇ ರೀಲು

ಹಂಬರ್ ಸೈಕಲ್ಲಿನ ಫೋರ್ಕಿಗೆ
ಒಂದೊಂದು ಕಡೆಗೂ ಎರಡೆರಡು ಕಡ್ಡಿ.
ಬಗ್ಗುವಾಗ ಒಟ್ಟಿಗೆ ಬಗ್ಗುತ್ತವೆ,
ಏಳುವಾಗ ಒಟ್ಟಿಗೆ ಏಳುವುದಿಲ್ಲ.

ಮೂರು ದಿನ ಸೀಮೆಎಣ್ಣೆಯಲ್ಲಿ ನೆನೆಸಿ ತುಕ್ಕು ಕೆರೆದೆ.
ಹಸಿರು ಬಣ್ಣದ ಕೆಳಗೆ ಕಪ್ಪು,
ಕಪ್ಪಿನ ಮೇಲೆ ಉಗುರಿನುದ್ದ ಉಳಿದ ಚಿನ್ನದ ಗೆರೆ.
ಆಮೇಲೆ ಕತ್ತಿನಿಂದ ದಾರ ಇಳಿಬಿಟ್ಟು ನೋಡಿದರೆ
ಎಡಕ್ಕೆ ಒಂದು ಬೆರಳು, ಹಿಂದಕ್ಕೆ ಎರಡು.

ಕಾಯಿಸಬೇಡ ಅನ್ನುತ್ತಿದ್ದರು ರುದ್ರಾಚಾರ್.
ಕಾಯಿಸಿದ ಕಬ್ಬಿಣ ನೀನು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತೆ,
ಆಮೇಲೆ ಯಾರು ಹೇಳಿದರೂ ಹೂಂ ಅನ್ನುತ್ತೆ.
ಅದಕ್ಕೇ ತಣ್ಣಗೆ:
ವೈಸಿಗೆ ಎರಡು ಹೊನ್ನೆಮರದ ತುಂಡು,
ಬೋರ್‌ವೆಲ್ಲಿನ ಹಳೇ ಪೈಪು ನಾಲ್ಕಡಿ,
ಮೈಭಾರ.

ಒತ್ತಿದರೆ ಬರುತ್ತೆ, ಬಿಟ್ಟರೆ ಹಿಂದಕ್ಕೆ ಹೋಗುತ್ತೆ.
ನೆಟ್ಟಗಾಗಬೇಕಾದರೆ ನೆಟ್ಟಗಿಂತ ಆಚೆಗೆ ಒಯ್ಯಬೇಕು.
ಎಷ್ಟು ಆಚೆಗೆ, ಯಾವ ಅಳತೆಪಟ್ಟಿಯೂ ಹೇಳುವುದಿಲ್ಲ.

ಇನ್ನೊಂದಿದೆ. ಫೋರ್ಕಿನ ತುದಿಗೆ ಮುಂದಕ್ಕೊಂದು ಬಾಗು,
ಹುಟ್ಟುತ್ತಲೇ ಬಂದದ್ದು.
ಕಲಿಯುವ ಕಾಲದಲ್ಲಿ ಅದನ್ನೂ ಸರಳಿನಂತೆ ಬಡಿದು
ಮೇಷ್ಟರೊಬ್ಬರ ಸೈಕಲ್ಲು ಹಾಳುಮಾಡಿದ್ದೆ.
ಯಾವ ಬಾಗು ಮಾಡಿದವರದು, ಯಾವುದು ಬಿದ್ದವರದು,
ರುದ್ರಾಚಾರ್ ಹೆಬ್ಬೆಟ್ಟಿನಲ್ಲಿ ಸವರಿ ಹೇಳುತ್ತಿದ್ದರು.

ಇದು ತಿಪ್ಪೇಶಿಯದು.

ಕಡೂರಿನ ಟಾಕೀಸಿಗೂ ಬೀರೂರಿನ ಟಾಕೀಸಿಗೂ
ಪ್ರಿಂಟು ಒಂದೇ. ನಡುವೆ ಆರು ಕಿಲೋಮೀಟರು,
ತಿಪ್ಪೇಶಿ, ಕ್ಯಾರಿಯರಿನಲ್ಲಿ ತಗಡಿನ ಡಬ್ಬ.
ಅಲ್ಲಿ ಮುಗಿದ ರೀಲು ಇಲ್ಲಿ ಶುರುವಾಗುವ ಹೊತ್ತಿಗೆ
ಅವನು ಮುಂದಿನದಕ್ಕೆ ಅರ್ಧ ದಾರಿ ಹೋಗಿರುತ್ತಿದ್ದ.
ಒಂದು ಸಿನಿಮಾನೂ ಪೂರ್ತಿ ನೋಡಲಿಲ್ಲವಂತೆ.

ಆ ರಾತ್ರಿ ನಾನು ಬೀರೂರಿನಲ್ಲಿ, ಬೆಂಚಿನ ಕ್ಲಾಸು.
ಆರನೇ ರೀಲಿನ ಕೊನೆಗೆ ನಾಯಕಿ ಬಾವಿಕಟ್ಟೆ ಹತ್ತಿದಳು.
ಪರದೆ ಬಿಳಿಯಾಯಿತು.
ಹತ್ತು ನಿಮಿಷ. ಇಪ್ಪತ್ತು. ಶಿಳ್ಳೆ, ಬೀಡಿ, ಅಮ್ಮ ಅಕ್ಕ ಎಲ್ಲ ಬಂದು ಹೋದರು.
ಬೆಂಚಿನ ಕಾಲು ಮುರಿದವರಲ್ಲಿ ನಾನೂ ಒಬ್ಬ.
ಮುಕ್ಕಾಲು ಗಂಟೆಗೆ ಬಂತು ಏಳನೇ ರೀಲು.
ಡಬ್ಬ ತಲೆ ಮೇಲೆ, ಸೈಕಲ್ಲು ಹೆಗಲ ಮೇಲೆ ಇತ್ತು
ಅಂತ ಗೇಟಿನವನು ಆಮೇಲೆ ಹೇಳಿದ.
ನಾಯಕಿ ಹಾರಲಿಲ್ಲ. ನಾವು ಚಪ್ಪಾಳೆ ತಟ್ಟಿದೆವು.

ದೀಪವಿಲ್ಲದ ಗಾಡಿಯೋ, ಎಮ್ಮೆಯೋ, ಮೋರಿಕಟ್ಟೆಯೋ,
ಅವನು ಯಾರಿಗೂ ಹೇಳಲಿಲ್ಲ.
ಕಬ್ಬಿಣವೂ ಎದುರಿನಿಂದ, ಜೋರಾಗಿ,
ಅಂದಷ್ಟೇ ಅಂದು ಸುಮ್ಮನಾಗುತ್ತದೆ.
ರಿಪೇರಿಗೆ ಟಾಕೀಸಿನವರು ದುಡ್ಡು ಕೊಡಲಿಲ್ಲ.
ಚಕ್ರ ತಿರುಗುವಷ್ಟು ಕಾಲಿಟ್ಟು ಎಳೆದುಕೊಂಡು
ಹದಿನೇಳು ವರ್ಷ ಹಾಗೇ ಓಡಿಸಿದ.
ಬರಿಗಾಲಲ್ಲಿ ನಡೆದು ಬರುವಾಗಲೂ
ಅವನ ಬಲಭುಜ ಸ್ವಲ್ಪ ಇಳಿದಿರುತ್ತಿತ್ತು.

ಪೈಪಿಗೆ ಇನ್ನೊಮ್ಮೆ ಮೈ ಕೊಟ್ಟೆ. ಟಿಕ್ ಎಂದಿತು.
ಬಿರುಕೇ? ಎದೆ ನಿಂತಿತು.
ಬಣ್ಣದ ಹಕ್ಕಳೆ ಸಿಡಿದದ್ದು ಅಷ್ಟೆ.
ದಾರ ನಟ್ಟನಡುವೆ ಬಂದು ನಿಂತಿತು.

ಸೈಕಲ್ಲು ತಂದವಳು ಅವನ ಮಗಳು, ಅಂಗನವಾಡಿ ಓಂಕಾರಮ್ಮ.
ಒಳಪೆಡಲು ಕಲಿತದ್ದೂ ಇದರಲ್ಲೇ.
ದುಪಟ್ಟ ಸೊಂಟಕ್ಕೆ ಬಿಗಿದು ಹತ್ತಿದಳು.
ಹತ್ತು ಮಾರು ಹೋಗಿರಲಿಲ್ಲ, ಸೀದಾ ಬಲಕ್ಕೆ ತಿರುಗಿ
ಚರಂಡಿ ಪಕ್ಕದ ಡಾಂಬರು ಡ್ರಮ್ಮಿಗೆ.

ಓಡಿ ಹೋಗಿ ಮೊದಲು ಫೋರ್ಕು ನೋಡಿದೆ.
ನೆಟ್ಟಗಿತ್ತು.
ಆಮೇಲೆ ಅವಳನ್ನು ನೋಡಿದೆ.
ಡ್ರಮ್ಮು ತಬ್ಬಿಕೊಂಡು ನಗುತ್ತಿದ್ದಳು:
“ಎಡಕ್ಕೆ ಎಳೆಯುತ್ತೆ ಅಂತ ನಾನು ಬಲಕ್ಕೆ ಹಿಡಿದೆ ಕಣಣ್ಣ.
ತಡಿ, ಇನ್ನೊಂದ್ಸಲ.”
ಎಂದು
ಪೆಡಲು ಮೇಲಕ್ಕೆ ತಂದಳು.