ಏಳರ ಕಾಲು

ಗಾಂಧಿ ಬಜಾರಿನ ಹಿಂದಿನ ಗಲ್ಲಿ, ನನ್ನದು ಹೊಲಿಗೆಯಂಗಡಿ.
ಗುರುವಾರ ಸಂಜೆ ಗಂಟು ಬಂತು: ಮೂವತ್ತಾರು ಅಂಗಿ,
ಅರ್ಧ ಹಳದಿ, ಅರ್ಧ ನೀಲಿ.
ಶನಿವಾರ, ಭಾನುವಾರ ಶಿವಮೊಗ್ಗದಲ್ಲೇ ತಾರೆಯರ ಹಾಕಿ.
ಲೀಗಿನ ಎಂಟೂ ತಂಡ ಕಲಸಿ ಎರಡು ಮಾಡಿದ್ದಾರಂತೆ,
ನಿನ್ನೆಯ ಅನ್ನಕ್ಕೆ ಒಗ್ಗರಣೆ ಕೊಟ್ಟ ಹಾಗೆ.

ಬೆನ್ನಿಗೆ ನಂಬರು ಹೊಲಿಯುವುದು ನನ್ನ ಪಾಲು.
ಹಳದಿ ಒಂಬತ್ತು, ನಮ್ಮ ಭದ್ರಾವತಿಯ ಆರೋಗ್ಯಸ್ವಾಮಿ:
ಅದಕ್ಕೆ ಎರಡು ಸುತ್ತು ಹೊಲಿಗೆ, ಯಾರೂ ಕೇಳದೆ.
ಹಳದಿ ಏಳು, ಕೊಡಗಿನ ಕುಶಾಲಪ್ಪ.
ಅಲ್ಲಿಗೆ ಬರುವಾಗ ಬಾಬಿನ್ನಿನ ದಾರ ಮುಗಿದಿತ್ತು
ಅಂತ ಬೇಕಾದರೆ ಬರೆದುಕೊಳ್ಳಿ.

ಒಂಬತ್ತು ವರ್ಷ.
ಸೆಮಿಫೈನಲ್, ಕೊನೆಯ ನಾಲ್ಕು ನಿಮಿಷ.
ಆ ಸ್ಟಿಕ್ಕು ಚೆಂಡಿಗೆ ಬೀಸಿದ್ದಲ್ಲ, ನಾನು ಕಂಡಿದ್ದೇನೆ,
ಗೋಲ್ ಕಂಬದ ಹಿಂದೆ ಬೇಲಿ ಹಿಡಿದು ನಿಂತಿದ್ದೆ.
ಆರೋಗ್ಯಸ್ವಾಮಿಯ ಮೊಣಕಾಲು
ತೆಂಗಿನಕಾಯಿ ಒಡೆದ ಸದ್ದು ಮಾಡಿತು.
ಅಂದಿನಿಂದ ನನ್ನ ಮಗ್ಗಿಯಲ್ಲಿ ಏಳಿಲ್ಲ.
ಗಿರಾಕಿಗಳಿಗೆ ಆರಾದ ಮೇಲೆ ಎಂಟು ದಿನ ಅಂತಲೇ ಹೇಳುತ್ತೇನೆ.

ಶನಿವಾರ ಬರೀ ಆಟದ ಆಟ.
ಸ್ಟಿಕ್ಕಿನ ತುದಿಯಲ್ಲಿ ಚೆಂಡು ಕುಣಿಸುವುದು,
ಕಣ್ಣು ಕಟ್ಟಿಕೊಂಡು ಪೆನಾಲ್ಟಿ ಹೊಡೆಯುವುದು.
ಪಕ್ಕದಲ್ಲಿ ಕೂತ ಹುಡುಗಿ ಮಂಡಕ್ಕಿ ಪೊಟ್ಟಣ ಮಡಿಲಿಗೆ ಸುರಿದುಕೊಂಡು
ಎಲ್ಲರಿಗೂ ಚಪ್ಪಾಳೆ ತಟ್ಟುತ್ತಿದ್ದಳು.
ಎಲ್ಲರಿಗೂ!
ಅಭಿಮಾನ ಅಂದರೆ ಅದಲ್ಲ ಮಗಳೇ, ಅನ್ನಬೇಕೆನಿಸಿತು.

ಭಾನುವಾರ ಗೋಲುಗಳು ಸಂತೆಯಲ್ಲಿ ಸೊಪ್ಪಿನಷ್ಟು ಅಗ್ಗ.
ಯಾರೂ ಯಾರಿಗೂ ತಾಗಲಿಲ್ಲ,
ಮದುವೆಮನೆಯಲ್ಲಿ ಬೀಗರು ದಾರಿ ಬಿಟ್ಟುಕೊಟ್ಟ ಹಾಗೆ.
ನೀಲಿ ಕಡೆಯ ಮುದಿ ಗೋಲಿ ಇನಾಯತುಲ್ಲಾ ಒಬ್ಬನೇ
ನಗದೆ, ನೆಲಕ್ಕೆ ಬಿದ್ದು ಬಿದ್ದು ತಡೆಯುತ್ತಿದ್ದ.
ಪಾಪ, ಅವನಿಗೆ ಸುಮ್ಮನೆ ಆಡುವುದು ಯಾರೂ ಕಲಿಸಿರಲಿಲ್ಲ.

ಮೂರನೆಯ ಕ್ವಾರ್ಟರಿನಲ್ಲಿ ಬಿಚ್ಚಿಕೊಂಡಿತು.
ಏಳರ ಕಾಲು ಬೆನ್ನಿನಿಂದ ಜೋತು, ಓಡಿದಾಗ ಬಾಲದಂತೆ ಪಟಪಟ.
ಗ್ಯಾಲರಿಯೇ ನಕ್ಕಿತು. ನಾನು ನಗಲು ಬಾಯಿ ತೆರೆದೆ,
ಅಷ್ಟರಲ್ಲಿ ಆರೋಗ್ಯಸ್ವಾಮಿ ಬಂದು
ಕುಶಾಲಪ್ಪನ ಬೆನ್ನಿಗೆ ಬಗ್ಗಿ, ನೇತ ದಾರ ಹಲ್ಲಲ್ಲಿ ಕಚ್ಚಿ ತುಂಡರಿಸಿ,
ತನ್ನ ಪಟ್ಟಿಯ ಟೇಪು ಕಿತ್ತು ಆ ಕಾಲನ್ನು ಅಂಟಿಸಿದ.
ಆ ಮೊಣಕಾಲಿನ ಟೇಪು.
ಇವನು ಏನೋ ಅಂದ. ಅವನು ಇವನ ಕುತ್ತಿಗೆಗೆ ಕೈ ಹಾಕಿದ.

ಹಾಗಾದರೆ ಇಷ್ಟು ವರ್ಷ
ನಾನು ಯಾರ ಪರವಾಗಿ ಸಿಟ್ಟಾಗಿದ್ದೆ?
ಹೊಡೆದವನಿಗೆ ನೆನಪಿಲ್ಲ, ಹೊಡೆಸಿಕೊಂಡವನು ಮರೆತ.
ಬಡ್ಡಿ ಕಟ್ಟಿದವನು ಜಾಮೀನು ನಿಂತ ದರ್ಜಿ.

ಸೋಮವಾರ ಬೆಳಿಗ್ಗೆ ಆ ಅಂಗಿ ಅಂಗಡಿಗೆ ವಾಪಸು ಬಂತು.
ಟೇಪು ಬಿಡಿಸಿ, ಎರಡು ಸುತ್ತು ಹಾಕಿದೆ, ಮೂಲೆಗೆ ಗಂಟು ಸಹಿತ.
ದುಡ್ಡು ತೆಗೆದುಕೊಳ್ಳಲಿಲ್ಲ.

ಬರುವ ತಿಂಗಳು ಲೀಗಿನಲ್ಲಿ ಮತ್ತೆ ಭದ್ರಾವತಿ, ಕೊಡಗು.
ಮೊಣಕಾಲು ಜೋಪಾನ, ಆರೋಗ್ಯಸ್ವಾಮಿ.
ನಾನು ಬೇಲಿ ಹತ್ತಿರವೇ ಇರುತ್ತೇನೆ.