ಎದುರುತೂಕ

ಲಿಫ್ಟಿನ ಕೆಲಸ ಕಲಿಯಲು ಬಂದವಳನ್ನು
ಒತಿಯಾ ಮೊದಲ ದಿನವೇ ಕೆಳಗಿಳಿಸಿದ.
ತಿಬಿಲಿಸಿಯ ಸಬುರ್ತಾಲೋ, ಹದಿನಾರು ಮಹಡಿಯ ಕಟ್ಟಡ,
ಅದರ ಬುಡದಲ್ಲಿ ಆಳೆತ್ತರದ ಗುಂಡಿ:
ಗ್ರೀಸು, ಸಿಗರೇಟಿನ ಮೋಟು, ಯಾರದೋ ಬೀಗದ ಕೈ,
ಒಂದು ಮಗುವಿನ ಎಡಗಾಲಿನ ಚಪ್ಪಲಿ.
"ಗುಡಿಸು," ಅಂದ.
"ಮೇಲಿನಿಂದ ಏನೇನು ಬೀಳುತ್ತದೆ ಅಂತ
ಗೊತ್ತಿರಬೇಕು ಮೇಲೆ ಹೋಗುವವರಿಗೆ."

ಎಂಟು ತಿಂಗಳು ಗುಡಿಸಿದೆ.

ಜೊತೆಗೆ ಓದಿದ ದಾರೆಜಾನ್ ಆಗಲೇ
ಬ್ಯಾಂಕಿನ ಗಾಜಿನ ಹಿಂದೆ ಕೂತಿದ್ದಳು, ಉಗುರಿಗೆ ಬಣ್ಣ.
ನನ್ನ ಉಗುರಿಗೂ ಬಣ್ಣವಿತ್ತು, ತೊಳೆದರೆ ಹೋಗದ್ದು.
ಊಟದ ಮಧ್ಯೆ ಚಿಕ್ಕಮ್ಮ ಕೇಳುವಳು:
"ಬಡ್ತಿಗಿಡ್ತಿ ಇದೆಯೇನೇ ಆ ಕೆಲಸದಲ್ಲಿ?"
"ಇದೆ. ದಿನಕ್ಕೆ ನಲವತ್ತು ಸಲ ಮೇಲೆ ಹೋಗ್ತೀನಿ."
ಅವಳು ನಗಲಿಲ್ಲ. ನಾನೂ.

ಒತಿಯಾ ಏನೂ ಹೇಳಿಕೊಡುತ್ತಿರಲಿಲ್ಲ.
ಅದೇ ಅವನ ಪಾಠದ ರೀತಿ ಅಂದರೆ ಸುಳ್ಳಾದೀತು;
ಎಷ್ಟೋ ದಿನ ಅದು ಬರೀ ಸೋಮಾರಿತನ,
ಇಲ್ಲವೇ ಹಿಂದಿನ ರಾತ್ರಿಯ ದ್ರಾಕ್ಷಾರಸ.
ಆದರೆ ಒಮ್ಮೊಮ್ಮೆ, ಇದ್ದಕ್ಕಿದ್ದ ಹಾಗೆ,
ಕೈಗೊಂದು ಚಿಂದಿ ಬಟ್ಟೆ ಕೊಟ್ಟು
ನಿಂತ ಉಕ್ಕಿನ ಹಗ್ಗ ತೋರಿಸಿ "ಎಣಿಸು" ಅನ್ನುವನು.
ಗೇಣುದ್ದಕ್ಕೆ ಕಡಿದ ಎಳೆ ಎಷ್ಟು?
ಬಟ್ಟೆಯ ನೂಲು ಸಿಕ್ಕಿಕೊಂಡಲ್ಲಿ ಒಂದು.
"ಎರಡು," ಅಂದೆ.
"ಮೂರು," ಅಂದ, ಹಗ್ಗದ ಕಡೆ ನೋಡದೆ.
ಮತ್ತೆ ಸವರಿದೆ. ಮೂರನೆಯದು ಹೊಸೆದ ಸಂದಿಯಲ್ಲಿ
ತಪ್ಪು ಮಾಡಿದ ಮಗುವಿನ ಹಾಗೆ ತಲೆ ತಗ್ಗಿಸಿ ಕೂತಿತ್ತು.

ಹೀಗೆ ಬೆರಳಿಗೆ ಬಂತು, ಆಮೇಲೆ ಕಿವಿಗೆ.
ಅಕ್ರೋಟಿನ ಸಿಪ್ಪೆ ತುಳಿದ ಸದ್ದಾದರೆ ಬೇರಿಂಗು.
ಸದ್ದೇ ಇಲ್ಲದಿದ್ದರೆ ಇನ್ನೂ ಹೆದರಬೇಕು.

ಎರಡನೇ ಚಳಿಗಾಲ.
ಲೈಸೆನ್ಸಿನ ಪರೀಕ್ಷೆಗೆ ಹಿರಿಯರ ಸಹಿ ಬೇಕು.
ಕಾಗದ ಮಡಿಸಿ ಮೂರು ದಿನ ಜೇಬಿನಲ್ಲಿಟ್ಟುಕೊಂಡೆ.
ಕಂಪನಿಯಲ್ಲಿ ಎಲ್ಲರಿಗೂ ಗೊತ್ತು:
ಲೈಸೆನ್ಸಿನವರ ಜಾಗ ಒಂದೇ,
ಅದರಲ್ಲಿ ಒತಿಯಾ ಇದ್ದಾನೆ.

ನಾಲ್ಕನೇ ದಿನ ಅವನೇ ಕರೆದ.
ಡಬ್ಬಿಯ ನೆತ್ತಿಯ ಮೇಲೆ ಇಬ್ಬರೂ ನಿಂತೆವು,
ಕತ್ತಲ ಕೊಳವೆಯಲ್ಲಿ ನಿಧಾನ ಏರಿದೆವು.
ಎಂಟನೇ ಮಹಡಿಯ ಹತ್ತಿರ, ಮೊಣಕೈಯಳತೆಯಲ್ಲಿ,
ಎದುರುತೂಕ ಇಳಿದು ಹೋಯಿತು,
ತುಕ್ಕು ಹಿಡಿದ ಕಬ್ಬಿಣದ ಗಟ್ಟಿಗಳು, ಒಂದೂ ಮಾತಾಡದೆ.
"ಎಷ್ಟು ತೂಕ ಅದು?"
"ಖಾಲಿ ಡಬ್ಬಿಯಷ್ಟು, ಮೇಲೆ ಹೊರೆಯಲ್ಲಿ ಅರ್ಧ."
ಪುಸ್ತಕದ ಉತ್ತರ, ಸರಿಯಾದದ್ದೇ.
"ಅದು ಇಳಿಯದಿದ್ದರೆ?"
ನಾನು ಸುಮ್ಮನಿದ್ದೆ.
ಹತ್ತಿದ ಏಣಿ ಒದೆಯಬೇಡ ಅನ್ನುತ್ತಾರೆ.
ಇಲ್ಲಿ ಏಣಿಯೇ ಇಲ್ಲ; ಇರುವುದು
ಪಕ್ಕದಲ್ಲೇ ಇಳಿಯುವ ಒಂದು ಭಾರ,
ಒಳಗೆ ನಿಂತವರಿಗೆ ಕಾಣುವುದಿಲ್ಲ.

ಚಳಿಗೆ ಪೆನ್ನು ಬರೆಯಲಿಲ್ಲ.
ತುದಿಗೆ ಉಸಿರೂದಿ, ನನ್ನ ಬೆನ್ನನ್ನೇ ಮೇಜು ಮಾಡಿಕೊಂಡು
ಸಹಿ ಹಾಕಿದ. ಒತ್ತಿ ಬರೆಯುವ ಕೈ.
"ಮೊಣಕಾಲು ನೋವು, ಅದಕ್ಕೇ.
ದೊಡ್ಡ ಸಂಗತಿ ಮಾಡಬೇಡ ಇದನ್ನ."

ಮಾಡಲಿಲ್ಲ.

ಹೋದ ವಾರ ಬಂದಿದ್ದ, ಕೋಲೂರಿಕೊಂಡು,
ಹನ್ನೊಂದನೇ ಮಹಡಿಯ ಸಿದೋನಿಯಾಳನ್ನು ನೋಡಲು.
ಇದು ನಾಣ್ಯ ಹಾಕಿದರೆ ಏರುವ ಲಿಫ್ಟು.
ಬೇಡವೆಂದರೂ ಇಪ್ಪತ್ತು ತೆತ್ರಿ ಹಾಕಿದ,
ಗೋಡೆಗೊರಗಿ ಕಣ್ಣು ಮುಚ್ಚಿದ.
ನಾಲ್ಕು, ಐದು, ಆರು.
ಒಂದು ಕಣ್ಣು ತೆರೆದು, "ಎಡಗಡೆ ರೋಲರು," ಅಂದ.
"ಗೊತ್ತು," ಅಂದೆ.
"ನಾಳೆ ಬದಲಿಸ್ತೀನಿ."
ಕಣ್ಣು ಮತ್ತೆ ಮುಚ್ಚಿಕೊಂಡಿತು.